ಮಗ್ಗದ ಕುಣಿಯಲ್ಲಿ ಮನಿ ಪ್ಲಾಂಟ್

ಮನೆ ಅಲಂಕಾರ ಅಂದರೆ ಏನು ಅಂತ ಹೋದ ವಾರದ ತನಕ ನನಗೆ ಬಹಳ ಚೆನ್ನಾಗಿ ಗೊತ್ತಿತ್ತು. ಈಗ ಯಾರಾದರೂ ಆ ಮಾತೆತ್ತಿದರೆ ಎದ್ದು ಒಳಗೆ ಹೋಗಬೇಕು ಅನ್ನಿಸುತ್ತದೆ.

ಆದದ್ದಿಷ್ಟು. ನಮ್ಮ ಭಾವನ (ಯಜಮಾನರ ಅಣ್ಣ) ಮಗಳು ಸವಿತಾಳನ್ನು ನೋಡಲು ಶಿರಹಟ್ಟಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ಬೆಟಗೇರಿಯ ನಮ್ಮದು ನೇಕಾರರ ಮನೆ (ಅದರ ಸೋರುವ ಮಾಳಿಗೆಯ ಬಗ್ಗೆ ಬರೆದು ನಿಮ್ಮ ತಲೆ ತಿಂದಿದ್ದೇನೆ). ಬಾಗಿಲು ದಾಟಿದರೆ ಪಡಸಾಲೆ, ಪಡಸಾಲೆಯ ನೆಲದಲ್ಲಿ ಮಗ್ಗದ ಕುಣಿ. ನೇಯುವವರು ಅದರೊಳಗೆ ಕಾಲು ಇಳಿಬಿಟ್ಟು ಕೂಡುತ್ತಾರೆ. ಭಾವ ಅರ್ಧ ಆಯುಷ್ಯ ಹಾಗೇ ಕೂತವರು. ಕೈಮಗ್ಗದ ಸೀರೆ ಕೇಳುವವರು ಇಲ್ಲವಾದ ಮೇಲೆ ಮಗ್ಗ ಬಿಚ್ಚಿ ಹಿಂದಿನ ಕೋಣೆಗೆ ಸೇರಿಸಿದರು. ಕುಣಿಯ ಮೇಲೊಂದು ಹಲಗೆ ಬಿತ್ತು. ಈಗ ಅವರು ಗದುಗಿನ ಬಟ್ಟೆ ಅಂಗಡಿಯೊಂದರಲ್ಲಿ ಗಿರಾಕಿಗಳು ಬೇಡವೆಂದ ಸೀರೆ ಮಡಚುತ್ತಾರೆ. ಅದೂ ಪಾಲಿಸ್ಟರ್!

ಆ ಹಲಗೆಗೆ ಎಡವದವರು ನಮ್ಮ ಮನೆಯಲ್ಲಿಲ್ಲ. ಬೀಗರಾಗುವವರು ಎಡವಿ ಬಿದ್ದರೆ ಏನು ಗತಿ? ನನ್ನ ತಲೆ ಓಡಿತು. ಮೊಬೈಲಿನಲ್ಲಿ ನಾನು ಆಗ ನೋಡುತ್ತಿದ್ದದ್ದು ಒಂದೇ ಜಾತಿಯ ವಿಡಿಯೋ. ತೋಟವನ್ನು ಮನೆಯೊಳಗೆ ತನ್ನಿ, ಒಣ ಕೊಂಬೆಗೆ ಬಣ್ಣ ಬಳಿಯಿರಿ, ಹಿತ್ತಲ ಹೂವೇ ನಿಮ್ಮ ಡೆಕೊರೇಷನ್. ನಮ್ಮ ಹಿತ್ತಲಲ್ಲಿ ಕಣಗಿಲೆ ಇದೆ, ಸೇವಂತಿಗೆ ಇದೆ, ಮುರಿದುಬಿದ್ದ ಬೇವಿನ ಕೊಂಬೆಯೂ ಇದೆ. ಇನ್ನೇನು ಬೇಕು?

ಭಾವನ ಹೆಂಡತಿಯನ್ನು ಕೇಳಿದೆ. "ಅಕ್ಕಾ, ಕುಣ್ಯಾಗ ಮಣ್ಣ ತುಂಬಿ ಗಿಡ ಹಚ್ಚೂಣೇನು?"

"ಹಚ್ಚವಾ. ಸುಮ್ನ ಬಿದ್ದೈತಿ. ಅವರೇನ ಇನ್ನ ಅದರಾಗ ಕುಂಡ್ರತಾರ?"

ಭಾವ ಅವತ್ತು ಅಂಗಡಿಗೆ ರಜೆ ಹಾಕಿ ಲಕ್ಷ್ಮೇಶ್ವರಕ್ಕೆ ಹೋಗಿದ್ದರು. ಯಾಕೆ ಅಂದರೆ "ಸ್ವಲ್ಪ ಕೆಲಸ ಐತಿ" ಅಂದಿದ್ದರು, ಅಷ್ಟೇ. ಮಾತು ಕಡಿಮೆ ಮನುಷ್ಯ. ಅವರಿಗೊಂದು ಸರ್‌ಪ್ರೈಸ್ ಆಗಲಿ ಅಂತ ನಾವು ಸೆರಗು ಕಟ್ಟಿ ನಿಂತೆವು. ನನ್ನ ಯಜಮಾನರು ಹೊಂಬಳದ ಗೆಳೆಯನ ಹೊಲದಿಂದ ಎರೆಮಣ್ಣು ತರಿಸಿದರು. ತುಂಬಿದೆವು, ತುಳಿದು ಗಟ್ಟಿ ಮಾಡಿದೆವು. ಮನಿ ಪ್ಲಾಂಟ್ ಹಚ್ಚಿದೆವು. ಬೇವಿನ ಕೊಂಬೆಗೆ ಬಿಳಿ ಬಣ್ಣ ಬಳಿದು ನಡುವೆ ನೆಟ್ಟೆವು. ಸುತ್ತ ಸೇವಂತಿಗೆ ಜೋಡಿಸಿದೆವು. ಸವಿತಾ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿದಳು. ನನಗಂತೂ ಎಷ್ಟು ಹೆಮ್ಮೆ ಅಂತೀರಿ!

ಸಂಜೆ ಭಾವ ಬಂದರು. ಕೈಯಲ್ಲೊಂದು ಗಂಟು. ಹೊಸ್ತಿಲಲ್ಲೇ ನಿಂತು ನೋಡಿದರು.

"ಚಲೋ ಕಾಣತೈತಿ," ಅಂದರು. ಗಂಟು ಕೆಳಗಿಟ್ಟು ಕೈಕಾಲು ತೊಳೆಯಲು ಹೋದರು.

ಸವಿತಾ ಗಂಟು ಬಿಚ್ಚಿದಳು. ಒಳಗೆ ನೂಲು. ಕಣಗಿಲೆ ಬಣ್ಣದ್ದು, ಜೊತೆಗೆ ಹಸಿರು.

ಕೈಕಾಲು ತೊಳೆದು ಬಂದ ಭಾವನನ್ನು ಕೇಳಿದರೆ, ಲಕ್ಷ್ಮೇಶ್ವರದ ವ್ಯಾಪಾರಿಯೊಬ್ಬರಿಗೆ ಮತ್ತೆ ಕೈಮಗ್ಗದ ಸೀರೆ ಬೇಕಂತೆ. ಭಾವ ಯಾರಿಗೂ ಹೇಳದೆ ಅವರಲ್ಲಿಗೆ ಓಡಾಡಿ, ಒಪ್ಪಿಸಿ, ನೂಲು ತಂದಿದ್ದರು. ಅವರೂ ನಮಗೆ ಸರ್‌ಪ್ರೈಸ್ ಮಾಡಬೇಕು ಅಂತಲೇ ಸುಮ್ಮನಿದ್ದರಂತೆ.

"ಭಾವಾರ, ಮಣ್ಣ ತಗಸ್ತೀವ್ರಿ. ಈಗಿಂದೀಗ ತಗಸ್ತೀವಿ," ಅಂದೆ.

ಅಕ್ಕ ನನ್ನ ಕೈ ಹಿಡಿದಳು. "ನಾಳೆ ಮಂದಿ ಬರತಾರಲ್ಲವಾ. ಅವರು ಹೋದಮ್ಯಾಲ ತಗಸೂಣು."

ಭಾವ ನಕ್ಕರು. "ಮಣ್ಣ ಯಾವಾಗರ ತಗೀಬಹುದು. ಆದ್ರ ನೀವೆಲ್ಲಾರೂ ಕೂಡಿ ತುಂಬಿದ್ರಿ. ಇಂವ ಮತ್ತ ಮಗ್ಗಕ್ಕ ಕೂತಾನು ಅಂತ ಒಬ್ಬರಿಗರ ಅನಸ್ಲಿಲ್ಲಲ್ಲ? ಇರಲಿ ಬಿಡ್ರಿ."

ಖರೇನೇ, ಯಾರಿಗೂ ಅನ್ನಿಸಿರಲಿಲ್ಲ. ಹೆಂಡತಿಗಿಲ್ಲ, ಮಗಳಿಗಿಲ್ಲ, ಬೆನ್ನಿಗೆ ಬಿದ್ದ ತಮ್ಮನಿಗೂ ಇಲ್ಲ.

ನಾನು ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಭಾವ ಹಿತ್ತಲಿಂದ ಒಂದು ಹೂವೋ ಎಲೆಯೋ ಕಿತ್ತು ತಂದು ನೂಲಿನ ಪಕ್ಕ ಇಡುತ್ತಿದ್ದರು. ಬಣ್ಣ ಹೊಂದಿತೋ ಇಲ್ಲವೋ ಅಂತ ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ಅಂಚಿನಲ್ಲಿ ಬಳ್ಳಿ ಬರುತ್ತಿತ್ತು, ಸೆರಗಿನಲ್ಲಿ ಜೋಳದ ತೆನೆ. ತೋಟ ಮನೆಯೊಳಗೆ ಬಂದು ಯಾವ ಕಾಲವಾಗಿತ್ತು! ನಾನು ಅದನ್ನು ಮೊಬೈಲಿನಲ್ಲಿ ಹುಡುಕುತ್ತ ಕೂತಿದ್ದೆ.

ಮರುದಿನ ಗಂಡಿನ ಕಡೆಯವರು ಬಂದರು. ಹುಡುಗನ ತಾಯಿ ಒಳಗೆ ಕಾಲಿಟ್ಟವರೇ ಕೆನ್ನೆಗೆ ಕೈ ಹಚ್ಚಿದರು. "ಅಯ್ಯ, ಎಷ್ಟ ಚಂದ ಮಾಡೀರಿ! ನಮ್ಮನ್ಯಾಗೂ ಇಂಥಾದೊಂದ ಕುಣಿ ಐತ್ರಿ. ಯಾವ ಗಿಡ ಹಚ್ಚಬೇಕ್ರಿ?"

ಭಾವನೇ ಹೇಳಿದರು. "ಬಿಸಿಲ ಬೇಡದ ಗಿಡ ಹಚ್ರಿ. ಪಡಸಾಲ್ಯಾಗ ಬಿಸಿಲ ಬರೂದಿಲ್ಲ."

ಸಂಬಂಧ ಕುದುರಿತು. ಎಲ್ಲರ ಬಾಯಿಗೂ ಸಕ್ಕರೆ ಬಿತ್ತು. ಅವರನ್ನು ಬಸ್ಸು ಹತ್ತಿಸಿ ಬಂದವರೇ ಭಾವ ಗಂಟು ಹಿಡಿದು ಲಕ್ಷ್ಮೇಶ್ವರಕ್ಕೆ ಹೊರಟರು. ನಾವು ಬೇಡ ಬೇಡ ಅಂದೆವು, ಯಜಮಾನರು ಗುದ್ದಲಿಯನ್ನೇ ತಂದು ನಿಂತರು. "ಮದವಿ ಮನಿ. ನೆಲಾ ಅಗೀಬ್ಯಾಡ್ರಿ," ಅಂದು ಚಪ್ಪಲಿ ಮೆಟ್ಟಿದರು. ನೂಲು ವಾಪಸ್ ಹೋಯಿತು.

ಗಿಡ ಚಿಗುರಿದೆ. ನೋಡಿದವರೆಲ್ಲ ಹೊಗಳುತ್ತಾರೆ. ಭಾವ ಪಾಲಿಸ್ಟರ್ ಸೀರೆ ಮಡಚಿ ಬಂದು, ಅದರ ಪಕ್ಕ ಕೂತು ಚಹಾ ಕುಡಿಯುತ್ತಾರೆ. ಸಿಟ್ಟಿಲ್ಲ, ಬೈಗುಳವಿಲ್ಲ. ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ. ನಿನ್ನೆ ನೀರು ಹಾಕಲು ಹೋದವಳು ತಂಬಿಗೆ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ.

ಕುಣಿಗೆ ಮಣ್ಣು ತುಂಬಿ, ತುಳಿದು ಗಟ್ಟಿ ಮಾಡಿ, ಮೇಲೆ ಹೂ ಇಡುವುದನ್ನು ನಮ್ಮಲ್ಲಿ ಯಾರಿಗೆ ಮಾಡುತ್ತಾರೆ ಹೇಳಿ?