ಮುಟ್ಟದೆ ಬಿಟ್ಟ ಕಾಫಿ

ಪ್ರಿಯರೇ, ತುಸು ಹೊತ್ತು ಕಿವಿಗೊಡಿ. ದೊಡ್ಡವರು ಮೇಜಿನ ಸುತ್ತ ಕುಳಿತು ಹುಡುಕುವ ಶಾಂತಿಯನ್ನು ಒಂದು ಲೋಟ ಕಾಫಿಯ ಮುಂದೆ ಬೇಡಿದ ಪಿನ್ಹಾಸನ ಸಂಗತಿಯಿದು.

ಪಿನ್ಹಾಸ್ ದೈವಭಕ್ತ ಯೆಹೂದಿ. ಸರ್ಕಾರ ಊರಿಗೂ ತೋಟಕ್ಕೂ ನಡುವೆ ಹಾಕಿದ ಬೇಲಿಯಾಚೆಯ ಪ್ಯಾಲೆಸ್ತೀನಿ ರೈತರು ಈಚೆ ಉಳಿದ ತಮ್ಮ ಆಲಿವ್ ತೋಟಗಳಿಗೆ ಬಂದುಹೋಗಲು ಗೇಟು ತೆಗೆದು ಮುಚ್ಚುವುದು ಅವನ ಕೆಲಸ. ಕೊಯ್ಲಿನ ಕಾಲದ ಒಂದು ಶುಕ್ರವಾರ, ಶನಿವಾರವಿಡೀ ಕೆಲಸ ಮುಟ್ಟದ ಪವಿತ್ರ ದಿನವಾದ ಸಬ್ಬತ್ತಿನ ದೀಪ ಹಚ್ಚುವ ಮುನ್ನ ಮನೆ ಸೇರುವ ಆತುರದಲ್ಲಿ, ಹೊತ್ತಿಗೆ ಮೊದಲೇ ಬೀಗ ಹಾಕಿದ. ಮುದುಕ ಅಬು ಸಫ್ವಾನ್ ಕತ್ತೆಯ ಮೇಲೆ ಮೂಟೆ ಹೇರಿಕೊಂಡು ಕೈಬೀಸುತ್ತ ಬರುತ್ತಿದ್ದುದನ್ನು ಕಂಡೂ ಕಾಣದವನಂತೆ ಹೊರಟುಬಿಟ್ಟ. ಮುದುಕ ತೋಟದಲ್ಲೇ ಉಳಿದ. ಭಾನುವಾರ ಗೇಟು ತೆಗೆಯುವಷ್ಟರಲ್ಲಿ ಮೂಟೆಯ ಕಾಯಿ ಬಿಸಿಯೇರಿ ಹುಳಿತುಹೋಗಿತ್ತು. ಅದರ ಎಣ್ಣೆ ಬಾಯಿಗಿಡುವಂತಿರಲಿಲ್ಲ.

ಮುದುಕ ಬೈಯಲಿಲ್ಲ. ಅದೇ ಪಿನ್ಹಾಸನನ್ನು ಸುಟ್ಟಿತು. ಸಬ್ಬತ್ತಿನ ದ್ರಾಕ್ಷಾರಸದ ಬಟ್ಟಲೆತ್ತಿದಾಗಲೆಲ್ಲ ಬೀಗ ಹಾಕಿದ ಕೈಯೇ ಕಣ್ಣಿಗೆ ಬೀಳುತ್ತಿತ್ತು. ಮುಂದಿನ ಶರತ್ಕಾಲಕ್ಕೆ ಯೆಹೂದಿಗಳು ವರ್ಷಕ್ಕೊಮ್ಮೆ ಹಿಡಿಯುವ ಪ್ರಾಯಶ್ಚಿತ್ತದ ಉಪವಾಸ ಹತ್ತಿರವಾಯಿತು. ನೊಂದವನನ್ನು ಒಲಿಸಿಕೊಳ್ಳದೆ ದೇವರ ಮುಂದೆ ಎದೆ ಬಡಿದುಕೊಂಡು ಫಲವಿಲ್ಲವೆಂದು ಬಲ್ಲ ಪಿನ್ಹಾಸ್ ತೋಟಕ್ಕೆ ಹೋದ.

ಮುದುಕ ಸೌದೆಚಕ್ಕೆಯ ಬೆಂಕಿಯಲ್ಲಿ ಕಾಫಿ ಕಾಸಿ ಮುಂದಿಟ್ಟ. ಬೇಡಲು ಬಂದವನು ಒಪ್ಪಿಗೆ ಸಿಗುವತನಕ ಲೋಟ ಮುಟ್ಟಬಾರದೆಂಬುದು ಮುದುಕನ ಜನರ ರೂಢಿ. ನಾಚಿಕೆಯಿಂದ ಬಾಯೊಣಗಿದ್ದ ಪಿನ್ಹಾಸ್ ಅದನ್ನು ಮರೆತು ಒಂದೇ ಗುಟುಕಿಗೆ ಕುಡಿದುಬಿಟ್ಟ.

“ಹಾಗಾದ್ರೆ ಕೇಳೋದು ಏನೂ ಇಲ್ಲ ಅಂತಾಯ್ತು” ಎಂದು ಮುದುಕ ಗುದ್ದಲಿ ಎತ್ತಿಕೊಂಡ. ಪಿನ್ಹಾಸ್ ಬಂದ ದಾರಿಯಲ್ಲೇ ಹಿಂದಿರುಗಿದ.

ಮರುದಿನ ಮತ್ತೆ ಹೋದ. ಕಾಫಿ ಬಂತು. ಮುಟ್ಟದೆ ಕುಳಿತ.

“ಯಾಕಪ್ಪಾ, ನಿನ್ನೆ ನನ್ನ ಕತ್ತೆ ಹಾಗೆ ಕುಡಿದೆ. ಇವತ್ತೇನು, ವಿಷ ಹಾಕಿದೀನಿ ಅಂದ್ಕೊಂಡ್ಯಾ?”

“ಅವತ್ತು ನೀವು ಬರ್ತಿದ್ದದ್ದು ಕಾಣಿಸ್ತು, ಅಬು ಸಫ್ವಾನ್. ನೋಡಿನೇ ಬೀಗ ಹಾಕ್ದೆ. ನನ್ನ ಕ್ಷಮಿಸಿ.”

ಲೋಟದ ಹಬೆ ಆರುವತನಕ ಮುದುಕ ಬೆಂಕಿ ಕೆದಕುತ್ತಿದ್ದ.

“ನೀನು ನೋಡಿದ್ದು ನಂಗೂ ಗೊತ್ತಿತ್ತು. ಬೇಲಿ ಮಾತು ಬೇರೆ, ಅದನ್ನ ನಾನು ಮರೆಯೋನಲ್ಲ. ನಿನ್ನ ಬೀಗದ ಮಾತು ಇಲ್ಲಿಗೆ ಬಿಟ್ಟೆ. ಕುಡಿ, ಆರಿಹೋಯ್ತು.”

ಪಿನ್ಹಾಸ್ ಕುಡಿದ. ಬೇಲಿ ಇಂದಿಗೂ ನಿಂತಿದೆ. ಅವನ ಎದೆಯ ಭಾರವೂ ಪೂರ್ತಿ ಇಳಿದಿಲ್ಲ. ಆದರೆ ಶುಕ್ರವಾರ ಬೀಗ ಹಾಕುವ ಮುನ್ನ, ದೀಪಕ್ಕೆ ತಡವಾದೀತೆಂಬ ಅಳುಕಿನಲ್ಲೂ, ತೋಟದ ದಾರಿಯನ್ನು ಕಣ್ಣಿಟ್ಟು ನೋಡುತ್ತಾನೆ.

ಪ್ರಿಯರೇ, ಕಂಡೂ ಕಾಣದಂತೆ ನೀವು ಹಾಕಿಬಂದ ಬೀಗವೂ ಒಂದಿದ್ದೀತು. ಇಂದೇ ಆ ಬಾಗಿಲಿಗೆ ಹೋಗಿ. ತಪ್ಪು ಹೇಳಿಕೊಳ್ಳುವತನಕ ಲೋಟ ಮುಟ್ಟಬೇಡಿ.