ಅಕ್ಕನಿಗೂ ಒಂದು ಪರೀಕ್ಷೆ

ಶಿರ್ತಾಡಿ ಬಸ್ ಸ್ಟ್ಯಾಂಡಿನ ಎದುರಿಗೆ ಬ್ರಾಹ್ಮಿಯ ಹೋಟೆಲು. ದೋಸೆ, ಬನ್ಸ್, ಗೋಳಿಬಜೆ, ಚಾ, ಅಷ್ಟೆ. ಅಡುಗೆ ಅವಳದು, ಬಡಿಸುವುದು ತಮ್ಮ ರಿಷಭನದು.

ಕಾಲೇಜಿನಲ್ಲಿದ್ದಾಗ ರಿಷಭನಿಗೆ ಯಾರೂ ಇಲ್ಲದ ಕಡೆಯಿಂದ ಮಾತು ಕೇಳಿಸತೊಡಗಿತ್ತು. ಸ್ಕಿಜೋಫ್ರೇನಿಯಾ ಎಂದರು ಮಂಗಳೂರಿನ ಡಾಕ್ಟರು. ಮಾತ್ರೆ ಹಿಡಿಸಿದ ಮೇಲೆ ಆ ದನಿಗಳು ಅಡಗಿದವು. ಹಸಿವು ಮರಳಿತು, ನಗು ಮರಳಿತು, ಕ್ರಿಕೆಟ್ ಹುಚ್ಚೂ ಮರಳಿತು. ಆದರೆ ಗಿರಾಕಿ ಹೇಳಿದ ಮಾತು ಮೇಜಿನಿಂದ ಒಲೆಯ ಹತ್ತಿರ ಹೋಗುವಷ್ಟು ಹೊತ್ತೂ ಅವನ ತಲೆಯಲ್ಲಿ ನಿಲ್ಲುತ್ತಿರಲಿಲ್ಲ.

ರಿಕ್ಷಾದ ಅಬ್ದುಲ್ ಸಲಾಂ ಬಂದು ಎರಡು ಬನ್ಸ್, ಒಂದು ದೋಸೆ, ಸಕ್ಕರೆ ಹಾಕದ ಚಾ ಎಂದರೆ, ಗೋಳಿಬಜೆಯೂ ಪಾಯಸದಂಥ ಚಾವೂ ಬರುತ್ತಿತ್ತು.

"ನನಗೆ ಶುಗರ್ ಉಂಟು ಮಾರಾಯ!" ಎಂದು ಸಲಾಂ ನಗುತ್ತಿದ್ದರು. ಬ್ರಾಹ್ಮಿಗೆ ಮಾತ್ರ ನಗು ಬರುತ್ತಿರಲಿಲ್ಲ.

"ಹಳೇ ಮ್ಯಾಚಿನ ಸ್ಕೋರೆಲ್ಲ ಬಾಯಿಪಾಠ ಉಂಟು. ಈಗ ಹೇಳಿದ್ದು ಮರೀತದಾ? ಉದಾಸೀನ ನಿಂಗೆ!"

"ಉದಾಸೀನ ಅಲ್ಲ ಅಕ್ಕ. ಎರಡನೆಯದ್ದು ಬರುವಾಗ ಮೊದಲಿನದ್ದು ಜಾರಿ ಹೋಗ್ತದೆ."

ಅವಳು ನಂಬಲಿಲ್ಲ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ದೂರನ್ನು ಅಲ್ಲಿಯೇ ಒಪ್ಪಿಸಿದಳು. ಡಾಕ್ಟರು ಇಬ್ಬರನ್ನೂ ಮನಶ್ಶಾಸ್ತ್ರಜ್ಞೆ ಸುರಕ್ಷಾ ಅವರ ಕೋಣೆಗೆ ಕಳಿಸಿದರು. ಸುರಕ್ಷಾ ಕೆಲವು ಅಂಕಿ ಹೇಳುವುದು, ರಿಷಭ ಅವನ್ನು ಹಿಂದಿನಿಂದ ಹೇಳುವುದು. ಮೂರು ಅಂಕಿಗೇ ಅವನು ತಡವರಿಸಿದ.

"ಇಷ್ಟು ಸುಲಭದ್ದು!" ಎಂದಳು ಬ್ರಾಹ್ಮಿ.

"ಹಾಗಾದ್ರೆ ನೀವೂ ಹೇಳಿ, ನೋಡುವ."

ಬ್ರಾಹ್ಮಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ಮೂರು ಸಲೀಸು. ನಾಲ್ಕಕ್ಕೆ ಸ್ವಲ್ಪ ಕಣ್ಣು ಮುಚ್ಚಬೇಕಾಯಿತು. ಐದಕ್ಕೆ, "ಎಂಟು... ಒಂದು... ಅಲ್ಲ, ಒಂದು ಮೊದಲಾ?" ಎಂದು ನಿಂತೇಬಿಟ್ಟಳು. ರಿಷಭ ಕುರ್ಚಿ ಅಲುಗುವಂತೆ ನಕ್ಕ. ಕೊನೆಗೆ ಅವಳಿಗೂ ನಗು ತಡೆಯಲಾಗಲಿಲ್ಲ.

"ಹೇಳಿದ್ದನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುವ ಶಕ್ತಿ ಈ ಕಾಯಿಲೆಯಲ್ಲಿ ಕಡಿಮೆ ಆಗ್ತದೆ" ಎಂದರು ಸುರಕ್ಷಾ. "ಕೆಲವು ಸಲ ಒಡಹುಟ್ಟಿದವರಲ್ಲೂ ಅದು ಚೂರು ಕಾಣ್ತದೆ. ಹಾಗಂತ ನಿಮಗೆ ಕಾಯಿಲೆ ಉಂಟು ಅಂತಲ್ಲ, ಐದಕ್ಕೆ ಎಡವುವವರು ತುಂಬ ಜನ ಇದ್ದಾರೆ. ಆದ್ರೆ ಇವರದ್ದು ಉದಾಸೀನ ಅಲ್ಲ."

ಹಿಂದಿರುಗುವಾಗ ಬಸ್ಸಿನಲ್ಲಿ ಬ್ರಾಹ್ಮಿ ತೋಡಾರು ದಾಟಿದ ಮೇಲೆ ಕೇಳಿದಳು: "ನಿಂಗೆ ದಿನಾ ಹೀಗೇ ಆಗ್ತದಾ?"

"ದಿನಾ. ನಿಂಗೆ ಒಂದೇ ಸಲಕ್ಕೆ ಬೆವರು ಬಂತು!"

ಮರುದಿನ ಅವಳು ಕೆಲಸ ಅದಲುಬದಲು ಮಾಡಿದಳು. ಮೇಜಿನ ಹತ್ತಿರ ಅವಳು, ಕಾವಲಿಯ ಮುಂದೆ ರಿಷಭ. ಆರ್ಡರ್ ಒಂದೊಂದಾಗಿಯೇ ಹೇಳಬೇಕು. ಎರಡು ಒಟ್ಟಿಗೆ ಕೂಗಿದರೆ ಅವನು ಸಟ್ಟುಗ ಎತ್ತಿ ತೋರಿಸುತ್ತಿದ್ದ. ಮೊದಮೊದಲು ದೋಸೆ ಸೀದವು. ಆಮೇಲೆ ಕೈಗೆ ಹದ ಸಿಕ್ಕಿತು. ಅಂಚು ಗರಿಗರಿ, ನಡುವೆ ಮೆತ್ತಗೆ. ಕಾರ್ಕಳದ ಕಡೆ ಹೋಗುವವರೂ ಬಸ್ ಬಿಟ್ಟು ಕಾಯತೊಡಗಿದರು.

ಕಳೆದ ತಿಂಗಳು ಬೆಳ್ತಂಗಡಿಯ ಚಿಕ್ಕಮ್ಮನ ಹೊಸ ಮನೆಯ ಒಕ್ಕಲು. ದೋಸೆ ಹೊಯ್ಯಲು ರಿಷಭನೇ ಬೇಕೆಂದು ಕರೆ ಬಂತು.

"ನಾನೂ ಬರ್ತೇನೆ" ಎಂದಳು ಬ್ರಾಹ್ಮಿ.

"ಬೇಡ ಅಕ್ಕ. ನೀನು ಬಂದ್ರೆ ಎರಡೆರಡು ಕೂಗ್ತಿ."

ಕಾವಲಿಯನ್ನು ಗೋಣಿಯಲ್ಲಿ ಸುತ್ತಿಕೊಂಡು ಒಬ್ಬನೇ ಬಸ್ ಹತ್ತಿದ. ಸಂಜೆ ಬಂದಿಳಿದಾಗ ಅಂಗಿಯ ತುಂಬ ಹಿಟ್ಟು, ಮುಖದ ತುಂಬ ನಗು.

"ತಿಂದವರೇ ಮತ್ತೆ ಮತ್ತೆ ಬಂದ್ರು ಅಕ್ಕ. ಕೈ ನೋಯ್ತಾ ಉಂಟು."