ಮೇಷ್ಟ್ರ ಮನೆಯ ಎಂಟ್ರೆನ್ಸ್ ಪಾಠ

ಬಿ.ಎಸ್ಸಿ. ಕೊನೆಯ ವರ್ಷದ ಪರೀಕ್ಷೆ ಮುಗಿದ ಮೇಲೆ ನಾನು ನಮ್ಮೂರು ಯಲ್ದೂರಿಗೆ ವಾಪಸ್ ಹೋಗಲಿಲ್ಲ. ಎಂಬತ್ತರ ದಶಕದ ಶುರುವಿನ ಮಾತು. ಬೆಂಗಳೂರಿನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ.ಗೆ ಸೇರಬೇಕೆಂದರೆ ಎಂಟ್ರೆನ್ಸ್ ಬರೆಯಬೇಕಿತ್ತು. ಇದ್ದ ಸೀಟುಗಳು ತೀರಾ ಕಮ್ಮಿ. ಮಾವಿನ ಕಾಲವಾದ್ದರಿಂದ ತೋಟದಲ್ಲಿ ಕೆಲಸಕ್ಕೆ ನಾನೂ ಬೇಕಾಗಿದ್ದೆ. "ಇನ್ನೂ ಎಷ್ಟು ಓದ್ತೀಯಪ್ಪಾ?" ಎಂದು ಅಪ್ಪ ಕೇಳಿದರು, ಬಯ್ಯಲಿಲ್ಲ. ನಾನು ಕಾಲೇಜಿಗೆಂದು ಹಿಡಿದಿದ್ದ ಕೋಲಾರದ ರೂಮಿನಲ್ಲೇ ಉಳಿದೆ.

ರೂಮಿನಲ್ಲಿ ಜೊತೆಗಿದ್ದವನು ಸುಗಟೂರಿನ ಗೆಳೆಯ, ನನ್ನ ಕ್ಲಾಸಿನವನೇ. ಅವರ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಊರಿಗೆ ಓಡುತ್ತಿದ್ದ, ಗೂಡು ಬಿಡಿಸಿ ಮುಗಿದ ಕೂಡಲೇ ಬಸ್ಸಿನಲ್ಲೇ ಪುಸ್ತಕ ಬಿಚ್ಚಿಕೊಂಡು ಬರುತ್ತಿದ್ದ. ಹೈಸ್ಕೂಲಿನವರೆಗೆ ಕನ್ನಡದಲ್ಲಿ ಓದಿದ್ದ ನಮಗೆ ಆ ದಪ್ಪ ಇಂಗ್ಲಿಷ್ ಪುಸ್ತಕಗಳನ್ನು ಕಂಡರೇ ಭಯ. ಕೋಚಿಂಗ್ ಎನ್ನುವುದು ನಮ್ಮ ಕಡೆ ಇರಲಿಲ್ಲ. ಅದಕ್ಕೇ ಮೇಷ್ಟ್ರ ಮನೆಗೆ ಹೋದೆವು.

ಮೇಷ್ಟ್ರು ಕಾಲೇಜಿನಲ್ಲಿ ನಮಗೆ ಭೌತಶಾಸ್ತ್ರ ಹೇಳಿಕೊಟ್ಟವರು, ಹಿಂದಿನ ವರ್ಷವಷ್ಟೇ ರಿಟೈರ್ ಆಗಿದ್ದರು. ಮುಳಬಾಗಿಲು ಕಡೆಯವರು, ಮನೆಮಾತು ತೆಲುಗು. ಅವರು ಪಾಠ ಮಾಡುತ್ತಿದ್ದರೆ ಹಿಂದಿನ ಬೆಂಚಿನವರೂ ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದರು. ನಮ್ಮನ್ನು ಕಂಡು ಅವರಿಗೆ ಎಷ್ಟು ಖುಷಿಯಾಯಿತೆಂದರೆ, ಅವತ್ತೇ ಜಗುಲಿಯ ಗೋಡೆಗೆ ಕಪ್ಪು ಹಲಗೆ ಒರಗಿಸಿ ಕೂರಿಸಿಕೊಂಡರು.

ಶುರು ಮಾಡಿದ್ದು ಥರ್ಮೋಡೈನಾಮಿಕ್ಸ್. ಉಷ್ಣ ಯಂತ್ರದ ಚಿತ್ರ ಬರೆದು ಹೇಳಿದರು: "ಇಡೀ ಶಾಖಾನ ಕೆಲಸವಾಗಿ ಮಾರ್ಪಡಿಸೋಕೆ ಆಗಲ್ಲ ಕಣ್ರೋ. ಒಂದಿಷ್ಟನ್ನ ತಣ್ಣಗಿರೋ ಕಡೆಗೆ ಬಿಟ್ಟುಕೊಡಲೇಬೇಕು." ಮೂರು ವರ್ಷ ಬಾಯಿಪಾಠ ಮಾಡಿದ್ದು ಅವತ್ತು ಅರ್ಥವಾಯಿತು. ರೂಮಿಗೆ ಹೋಗುವ ದಾರಿಯಲ್ಲಿ ಗೆಳೆಯ, "ಸೀಟು ಸಿಕ್ಕಿದ ಹಾಗೇ ಬಿಡು" ಅಂದ.

ಮಾರನೆಯ ದಿನವೂ ಅದೇ ಪಾಠ. ಅಡಿಪಾಯ ಗಟ್ಟಿ ಮಾಡಿಸುತ್ತಿದ್ದಾರೆ ಅಂದುಕೊಂಡೆವು. ಅದರಾಚೆ ದಿನವೂ ಮೇಷ್ಟ್ರು ಹಲಗೆ ಒರೆಸಿ, ಅದೇ ಚಿತ್ರ ಬರೆದು, ಅದೇ ಮಾತನ್ನು ಮೊದಲ ಸಲ ಹೇಳುವವರ ಹುರುಪಿನಲ್ಲಿ ಹೇಳಿದರು. ನಡುನಡುವೆ ತೆಲುಗಿಗೆ ಜಾರುತ್ತಿದ್ದರು. ತೆಲುಗು ಮಾತಾಡುವ ಶ್ರೀನಿವಾಸಪುರ ಕಡೆಯವನಾದ ನನಗೆ ಅದು ತೊಡಕಾಗಲಿಲ್ಲ. ಗೆಳೆಯ ಮಾತ್ರ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದ.

"ಲೇ, ಮೇಷ್ಟ್ರಿಗೆ ಏನೋ ಆಗಿದೆ ಕಣೋ" ಅಂದ ಹೊರಗೆ ಬಂದ ಮೇಲೆ.

ನಾವು ಗೇಟು ದಾಟುವುದರೊಳಗೆ ಅವರ ಹೆಂಡತಿ ಹಿಂದೆಯೇ ಬಂದರು. ನಾವು ಅವರನ್ನು ಅಮ್ಮ ಅಂತಲೇ ಕರೆಯುತ್ತಿದ್ದೆವು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ, "ಗೊತ್ತಾಯ್ತಲ್ವಾ ನಿಮಗೆ?" ಎಂದು ಕೇಳಿದರು. ನಾವು ತಲೆಯಾಡಿಸಿದೆವು. "ಡಾಕ್ಟರು ವಯಸ್ಸಿನ ಮರೆವು ಅಂತಾರೆ. ಅಷ್ಟೇನು ವಯಸ್ಸಾಗಿದೆ ಹೇಳಿ? ಬರೋದು ಬಿಡಬೇಡ್ರಪ್ಪಾ. ನೀವು ಬಂದು ಕೂತಾಗ ಅವರು ಮುಂಚಿನ ಥರಾನೇ ಇರ್ತಾರೆ."

ಹೋಗುತ್ತಲೇ ಇದ್ದೆವು, ಪಾಠ ಮಾತ್ರ ಮುಂದಕ್ಕೆ ಹೋಗಲಿಲ್ಲ. ಒಂದು ಬೆಳಿಗ್ಗೆ ಊರಿಂದ ಬರುವ ಗೆಳೆಯನಿಗಾಗಿ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದೆ. ಅವನು ಇಳಿದು ನನ್ನ ಹತ್ತಿರ ಬರುವಷ್ಟರಲ್ಲಿ ಅಲ್ಲೇ ನಿಂತಿದ್ದ ಮುಳಬಾಗಿಲು ಬಸ್ಸಿನ ಕಿಟಕಿಯಲ್ಲಿ ಮೇಷ್ಟ್ರು ಕಂಡರು. ಇಸ್ತ್ರಿ ಶರ್ಟು, ಜೇಬಿನಲ್ಲಿ ಸೀಮೆಸುಣ್ಣ.

"ಎಲ್ಲಿಗೆ ಸಾರ್?"

"ಕ್ಲಾಸಿದೆಯಲ್ಲೋ. ನೀವ್ಯಾಕೆ ಇಲ್ಲಿ ಅಲೀತಾ ಇದೀರಿ?"

ಏನೋ ಹೇಳಿ ಇಳಿಸಿಕೊಂಡೆವು. ಅರ್ಧ ದಾರಿಗೆ ಬಂದಾಗ ಅವರ ನಡಿಗೆ ನಿಧಾನವಾಯಿತು. ನಿಂತು ನಮ್ಮಿಬ್ಬರನ್ನೂ ನೋಡಿದರು. ಕಣ್ಣು ನಿಚ್ಚಳವಾಗಿತ್ತು, ಹಳೆಯ ಮೇಷ್ಟ್ರೇ ಎದುರಿಗಿದ್ದರು.

"ಪಾಠ ಎಲ್ಲೀವರೆಗೆ ಬಂದಿದೆ? ನಿಜ ಹೇಳ್ರೋ. ನಿಮಗೆ ನಾನು ಮೋಸ ಮಾಡ್ತಾ ಇದೀನಾ?"

ಗೆಳೆಯ ಬೇರೆ ಕಡೆ ನೋಡಿದ. "ಇಲ್ಲ ಸಾರ್, ಕ್ವಾಂಟಮ್ ಶುರುವಾಗಿದೆಯಲ್ಲ" ಎಂದೆ ನಾನು. ಅವರು ತಲೆಯಾಡಿಸಿದರು. ನಂಬಿದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಮನೆ ತಲುಪುವವರೆಗೂ ನನ್ನ ಮೊಣಕೈ ಬಿಡಲಿಲ್ಲ.

ಅವತ್ತು ರೂಮಿಗೆ ಬಂದ ಮೇಲೆ ಗೆಳೆಯ ಹೇಳಿದ: "ನಾನಿನ್ನು ಬರಲ್ಲ. ನಮ್ಮಪ್ಪ ಒಬ್ಬರೇ ಹುಳಕ್ಕೆ ಸೊಪ್ಪು ಹೊರ್ತಾ ಇದಾರೆ. ಈ ಸಲ ಸಿಗದಿದ್ರೆ ನನಗೆ ಇನ್ನೊಂದು ಸಲ ಇಲ್ಲ ಕಣೋ. ನೀನೂ ಬಿಡು. ಲೈಬ್ರರಿಯಲ್ಲಿ ಕೂತು ಓದೋಣ."

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ನಾನು ಬಿಡಲಿಲ್ಲ. ಅಮ್ಮನ ಮುಖ ನೋಡಿ ಹೋಗುತ್ತಿದ್ದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದೂ ನಿಜವೇ. ಆದರೆ ಲೈಬ್ರರಿಯಲ್ಲಿ ಆ ದಪ್ಪ ಪುಸ್ತಕದ ಮುಂದೆ ಕೂತಾಗ ಆಗುತ್ತಿದ್ದ ದಿಗಿಲು ಮೇಷ್ಟ್ರ ಜಗುಲಿಯಲ್ಲಿ ಆಗುತ್ತಿರಲಿಲ್ಲ. ಅಲ್ಲಿ ಎಲ್ಲವೂ ಗೊತ್ತಿದ್ದದ್ದೇ, ಎಲ್ಲವೂ ಅರ್ಥವಾಗುತ್ತಿತ್ತು. ಬೆಳಿಗ್ಗೆ ಅಲ್ಲಿ ಕೂತೆದ್ದು, ಮಧ್ಯಾಹ್ನ ರೂಮಿನಲ್ಲಿ ಉಳಿದ ವಿಷಯಗಳನ್ನು ತಿರುವಿಹಾಕುತ್ತಿದ್ದೆ. ಎಲೆಕ್ಟ್ರಾನಿಕ್ಸ್ ಒಂದು ಪುಟ, ಕ್ವಾಂಟಮ್ ಒಂದು ಪುಟ. ತಲೆಗೆ ಹತ್ತುತ್ತಿರಲಿಲ್ಲ. ಗೆಳೆಯ ಲೈಬ್ರರಿಯಿಂದ ಬಂದು ತಾನು ಮಾಡಿದ ಲೆಕ್ಕ ತೋರಿಸುತ್ತಿದ್ದ. ದಿನ ಕಳೆದಂತೆ ನಾನು ಕೇಳುವುದನ್ನು ಬಿಟ್ಟೆ, ಅವನು ತೋರಿಸುವುದನ್ನೂ ಬಿಟ್ಟ. ಮುದ್ದೆ ಸಾರು ಉಂಡು ಅವನೊಂದು ಗೋಡೆಗೆ, ನಾನೊಂದು ಗೋಡೆಗೆ ಮುಖ ಮಾಡಿ ಓದುತ್ತಿದ್ದೆವು.

ಪರೀಕ್ಷೆಗೆ ಒಂದೇ ಬಸ್ಸಿನಲ್ಲಿ ಬೆಂಗಳೂರಿಗೆ ಹೋದೆವು. ಉಷ್ಣಕ್ಕೆ ಸಂಬಂಧಿಸಿದ ಪ್ರಶ್ನೆಗಳಿಗೆ ನಾನು ಬರೆದ ಉತ್ತರ ಚೆನ್ನಾಗಿತ್ತು. ಉಳಿದ ಕಡೆಯೆಲ್ಲ ಕೈ ನಿಂತುಹೋಯಿತು. ಸುತ್ತ ಕೂತವರು ಪುಟ ಮಗುಚುವ ಸದ್ದು ಕೇಳಿಸಿಕೊಳ್ಳುತ್ತಾ ಗಂಟೆ ಹೊಡೆಯುವುದನ್ನೇ ಕಾದೆ. ಹೊರಗೆ ಬಂದಾಗ ಗೆಳೆಯ "ಹೆಂಗಾಯ್ತು?" ಎಂದು ಕೇಳಲಿಲ್ಲ. ಅದು ಅವನ ಒಳ್ಳೆಯತನ.

ಅವನಿಗೆ ಸೀಟು ಸಿಕ್ಕಿತು. ನನಗೆ ಸಿಗಲಿಲ್ಲ. ಅವನು ಟ್ರಂಕು ಕಟ್ಟುವಾಗ ಹಗ್ಗದ ಒಂದು ಕೊನೆಯನ್ನು ನಾನೇ ಹಿಡಿದುಕೊಂಡಿದ್ದೆ. "ಮುಂದಿನ ವರ್ಷ ಬರಿ" ಅಂದ. ಆಗಲಿ ಅಂದೆ. ಬರೆಯುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ರೂಮು ಖಾಲಿ ಮಾಡುವ ಮುಂಚೆ ಮೇಷ್ಟ್ರ ಮನೆಗೆ ಹೋದೆ. ಅಮ್ಮ ಬಾಗಿಲಲ್ಲೇ ಕೇಳಿದರು. ಸಿಗಲಿಲ್ಲ ಅಂದೆ. "ನಾನೇ ನಿನ್ನ ಹಿಡಿದು ಕೂರಿಸಿಕೊಂಡೆ" ಎಂದರು. "ಹಂಗೇನಿಲ್ಲಮ್ಮ" ಎಂದೆ.

ಮೇಷ್ಟ್ರು ಕುರ್ಚಿಯಲ್ಲಿ ಕೂತಿದ್ದರು. ಶೇವ್ ಮಾಡಿರಲಿಲ್ಲ. ನನ್ನನ್ನು ನೋಡಿ ಮುಖ ಅರಳಿತು.

"ಎಪ್ಪುಡೊಸ್ತಿವಿರಾ? ನಾಯನ ಎಟ್ಲುಂಡಾಡು?"

ಯಾವಾಗ ಬಂದೆ, ಅಪ್ಪ ಹೇಗಿದ್ದಾನೆ ಎಂದು ಕೇಳುತ್ತಿದ್ದರು. ನನ್ನ ಅಪ್ಪನನ್ನು ಅವರು ನೋಡಿರಲಿಲ್ಲ. "ನಿನ್ನನ್ನ ಅವರ ತಮ್ಮ ಅಂದುಕೊಂಡಿದಾರೆ. ಅವನು ತೀರಿಹೋಗಿ ಎಷ್ಟೋ ಕಾಲ ಆಯ್ತು" ಎಂದರು ಅಮ್ಮ ಮೆಲ್ಲಗೆ. ನಾನು ಅವರ ಪಕ್ಕ ಕೂತು, ಅಪ್ಪ ಚೆನ್ನಾಗಿದ್ದಾರೆ, ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ ಎಂದು ತೆಲುಗಿನಲ್ಲೇ ಹೇಳಿದೆ. ಅವರಿಗೆ ಸಮಾಧಾನವಾಯಿತು. ನನ್ನ ಕೈ ಹಿಡಿದುಕೊಂಡೇ ತೂಕಡಿಸತೊಡಗಿದರು.

ಮುಂದೆ ನಾನು ಬಿ.ಎಡ್. ಮಾಡಿ ಮಾಲೂರು ಕಡೆಯ ಒಂದು ಹೈಸ್ಕೂಲಿಗೆ ಸೇರಿದೆ. ಮೇಷ್ಟ್ರು ತೀರಿಕೊಂಡ ಸುದ್ದಿ ನನಗೆ ಮುಟ್ಟುವ ಹೊತ್ತಿಗೆ ತಿಥಿಯೂ ಮುಗಿದಿತ್ತು. ಭಾನುವಾರ ಕೋಲಾರಕ್ಕೆ ಹೋದೆ. ಮನೆಗೆ ಬೀಗ ಹಾಕಿತ್ತು. ಅಮ್ಮನನ್ನು ಅವರ ಅಣ್ಣ ಬಂದು ಕರೆದುಕೊಂಡು ಹೋದರೆಂದು ಪಕ್ಕದ ಮನೆಯವರು ಹೇಳಿದರು. ಯಾವ ಊರೆಂದು ಅವರಿಗೂ ತಿಳಿದಿರಲಿಲ್ಲ.